ಕೆಸರು ಡಾಕ್ಟ್ರ ತೋಳು

“ಆ ಬಟ್ಟೆ ಬಿಚ್ಬೇಡಿ, ಬಾವ!” ಎನ್ನುತ್ತ ಬೈರಮ್ಮ ಗಂಡನ ಶವದ ಬಲದೋಳನ್ನು ಎರಡೂ ಕೈಗಳಿಂದ ಅವುಚಿಕೊಂಡಳು. ಅದಕ್ಕೆ ಸುತ್ತಿದ್ದ ಮಣ್ಣಿನ ಪಟ್ಟಿಯಿಂದ ಕೆಸರುನೀರು ಇಳಿಯುತ್ತಿತ್ತು.

ಶವದ ಸ್ನಾನಕ್ಕೆ ಅಂಗಳದಲ್ಲಿ ನೀರು ಕಾದಿತ್ತು. ಸತ್ತ ಕದಿರಪ್ಪನ ಅಣ್ಣ ಮುನಿರಾಮಯ್ಯ ತಂಬಿಗೆ ಹಿಡಿದು ನಿಂತಿದ್ದ. “ಮೈಮೇಲೆ ಒಂದೆಳೆ ನೂಲೂ ಇರ್ಬಾರ್ದು ಕಣಮ್ಮ. ಬುಡು.”

“ಸತ್ತ ಮ್ಯಾಲೂ ಮಣ್ಣಿನ ವೈದ್ಯ!” ಬೇಲಿಯ ಬಳಿ ನಿಂತಿದ್ದ ನೆರೆಮನೆಯ ಅಂಜನಮ್ಮ ಪಕ್ಕದವಳನ್ನು ತಿವಿದಳು. “ಎದ್ದು ಕೂತಾನು, ಉಸಾರು.”

ಸಿಂಗಾಪುರ ಎಂಬ ಆ ಹಳ್ಳಿಯವರು ಕದಿರಪ್ಪನನ್ನು ಕರೆಯುತ್ತಿದ್ದುದೇ ಕೆಸರು ಡಾಕ್ಟ್ರು ಎಂದು. ಕೆರೆಮಣ್ಣು, ತಣ್ಣೀರು, ಉಪವಾಸ; ಅವನ ಚಿಕಿತ್ಸೆ ಇಷ್ಟೇ. ಜಾಲಹಳ್ಳಿಯ ಹೊಸ ಕಾರ್ಖಾನೆಗಳ ಜೊತೆಗೆ ಸೂಜಿ ಹಾಕುವವರೂ ಬಂದ ಮೇಲೆ ಅವನ ಜಗಲಿ ಬರಿದಾಯಿತು. “ನಿಂಗೇ ಕಾಯ್ಲೆ ಬಂದ್ರೆ ಸೂಜಿ ಉಡುಕ್ಕೊಂಡು ಓಡ್ತೀಯ” ಎಂದು ಅಣಕಿಸಿದವರಿಗೆ ಅವನು, “ಓಡಿದ ದಿನ ನಂದೆಲ್ಲಾ ಸುಳ್ಳು ಅಂದ್ಕೊಳ್ಳಿ” ಎನ್ನುತ್ತಿದ್ದ.

*

ಹಿಂದಿನ ಮಧ್ಯಾಹ್ನ ಜ್ವರ ನೆತ್ತಿಗೇರಿ ಅವನಿಗೆ ಪ್ರಜ್ಞೆ ತಪ್ಪಿತ್ತು. ಬೈರಮ್ಮ ಕಾಂಪೌಂಡರ್ ಖಾದರ್ ಬಾಷಾನನ್ನು ಹಿತ್ತಲಿನಿಂದ ಒಳಕ್ಕೆ ಕರೆತಂದಳು.

“ಇವ್ರು ಒಪ್ಪಿದ್ರೇನಮ್ಮ?”

“ಒಪ್ಪಕ್ಕೆ ಗ್ಯಾನ ಎಲ್ಲೈತೆ ಸಾಯಬ್ರೇ? ಸೂಜಿ ಆಕಿ. ಉಳುದ್ರೆ ನನ್ನ ಬೈಲಿ.”

ಜ್ವರ ಇಳಿಯಲಿಲ್ಲ. ಬೆಳಗಾಗುವುದರೊಳಗೆ ಉಸಿರು ನಿಂತಿತು. ತೋಳಿನಲ್ಲಿ ನೀಲಿಗಟ್ಟಿದ್ದ ಗುರುತಿನ ಮೇಲೆ, ಬಾಗಿಲು ತೆರೆಯುವ ಮುನ್ನ, ಅವಳೇ ಮಣ್ಣಿನ ಪಟ್ಟಿ ಕಟ್ಟಿದಳು.

*

ಮುನಿರಾಮಯ್ಯ ಪಟ್ಟಿಯನ್ನು ಎಳೆದು ನೀರು ಹೊಯ್ದ. ಕೆಸರು ಹರಿದುಹೋಗಿ, ನೀಲಿಯ ನಡುವೆ ಸೂಜಿಯ ಚುಕ್ಕೆ ಎದ್ದು ಕಂಡಿತು.

“ಅಯ್ ಶಿವನೇ, ಕೆಸರು ಡಾಕ್ಟ್ರೂ ಚುಚ್ಚಿಸ್ಕೊಂಡವ್ರೆ!” ಅಂಜನಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ನಗು ಬೇಲಿಯುದ್ದಕ್ಕೂ ಹರಿಯಿತು.

“ನಾನು ಆಕ್ಸಿದ್ದು! ಅವ್ರಿಗೆ ಗೊತ್ತೇ ಇಲ್ಲ!”

“ಆಯ್ತು ಬುಡಮ್ಮ,” ಮುನಿರಾಮಯ್ಯ ಕನಿಕರದಿಂದಲೇ ಹೇಳಿದ. “ಗಂಡನ ಮಾನ ನೀನಲ್ದೆ ಇನ್ಯಾರು ಕಾಯ್ತಾರೆ?”

ಗುಂಪಿನ ಹಿಂದೆ ಬ್ಯಾಟರಾಯಪ್ಪ ನಿಂತಿದ್ದ. ಹೊಟ್ಟೆಯ ಹುಣ್ಣಿಗೆ ಕದಿರಪ್ಪನೊಬ್ಬನನ್ನೇ ನಂಬಿ ಉಳಿದಿದ್ದ ಕೊನೆಯ ರೋಗಿ ಅವನು. ಚಟ್ಟಕ್ಕೆ ಹೆಗಲು ಕೊಡಲು ಬಂದಿದ್ದ. ಬೈರಮ್ಮ ಅವನತ್ತ ಕೈ ಚಾಚಿದಳು.

“ನೀನಾದ್ರೂ ನಂಬಣ್ಣ.”

ಬ್ಯಾಟರಾಯಪ್ಪ ತಲೆ ತಗ್ಗಿಸಿದ. ಗೋಡೆಯ ಕಡೆಗೆ ತಿರುಗಿ, ಅಂಗಿಯನ್ನೆತ್ತಿ, ಸೊಂಟಕ್ಕೆ ಸುತ್ತಿದ್ದ ಒದ್ದೆ ಬಟ್ಟೆಯನ್ನು ಸುರುಳಿ ಸುರುಳಿಯಾಗಿ ಬಿಚ್ಚಿದ. ಮಣ್ಣು ಹೆಂಟೆಯಾಗಿ ಕಾಲ ಬಳಿ ಬಿತ್ತು. ಅದೇ ಬಟ್ಟೆಯಿಂದ ಹೊಟ್ಟೆಯನ್ನು ಚೊಕ್ಕವಾಗಿ ಒರೆಸಿಕೊಂಡು, ಅಂಗಿ ಇಳಿಬಿಟ್ಟು, ಚಟ್ಟದ ಹಿಂದಿನ ತುದಿಗೆ ಹೆಗಲು ಕೊಡಲು ಬಂದು ನಿಂತ.