ಹಗೇವಿಗೆ ಇಳಿದ ದೀಪ

ಜಗಳೂರಿನ ಹಮಾಲರಲ್ಲಿ ತಿಪ್ಪೇಶಪ್ಪನಷ್ಟು ಬೇಗ ಬೆರಗಾಗುವ ಮನುಷ್ಯ ಇನ್ನೊಬ್ಬನಿರಲಿಲ್ಲ. ಮೆಕ್ಕೆಜೋಳದ ಚೀಲ ಹೊತ್ತು ಹೊತ್ತು ಗಟ್ಟಿಯಾದ ಹೆಗಲು, ಕಿವಿಯ ಮೇಲೆ ನರೆತ ಕೂದಲು, ಒಂದು ಗ್ಯಾಂಗಿನ ಮೇಸ್ತ್ರಿ ಎಂಬ ಹೆಸರು, ಇಷ್ಟೆಲ್ಲ ಇದ್ದವನು ಸ್ವಲ್ಪ ಗತ್ತಿನಿಂದ ಇರಬೇಕೋ ಬೇಡವೋ? ಅದೊಂದು ಅವನಿಗೆ ಬರಲೇ ಇಲ್ಲ. ಯಾರು ಏನು ಹೊಸ ವಿಷಯ ಹೇಳಿದರೂ ಬಾಯಿಗೆ ಒಯ್ಯುತ್ತಿದ್ದ ಟೀ ಅಲ್ಲೇ ನಿಲ್ಲುತ್ತಿತ್ತು. "ಅಬ್ಬಬ್ಬಾ!" ಎನ್ನುತ್ತಿದ್ದ. ಅದನ್ನು ಕೇಳುವುದಕ್ಕೆಂದೇ ಗ್ಯಾಂಗಿನವರು ಕಾದಿರುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಕಾಯುತ್ತಿದ್ದವನು ಸಿದ್ದೇಶ್. ಅವನು ತಿಪ್ಪೇಶಪ್ಪನ ಅಕ್ಕನ ಮಗ, ಮಗಳು ಪುಷ್ಪಾಳ ಗಂಡ ಕೂಡ. ಮಾವನನ್ನು ಗೇಲಿ ಮಾಡುವ ಹಕ್ಕು ಎರಡೂ ಕಡೆಯಿಂದ ಬಂದದ್ದು ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಹೊಸ ವಿಷಯ ಒದಗಿಸುತ್ತಿದ್ದವಳು ಮಮತಾ. ಊರ ಹೊರಗಿನ ಧಾನ್ಯದ ಗೋಡೌನಿನಲ್ಲಿ ಲಾರಿ ತೂಗುವ ಕೆಲಸ ಅವಳದು. ಬೆಳಿಗ್ಗೆ ಟೀ ಹೊತ್ತಿಗೆ ತೂಕದ ಕೋಣೆಯ ಕಿಟಕಿಯಿಂದ ಮುಖ ಹೊರಗೆ ಹಾಕಿ, ಮೊಬೈಲಿನಲ್ಲಿ ಕಂಡ ವಿಜ್ಞಾನದ ಸುದ್ದಿಯನ್ನೆಲ್ಲ ಓದಿ ಹೇಳುತ್ತಿದ್ದಳು. ಅವಳಿಗೆ ಅದೊಂದು ಚಟ. ಕೇಳುವವರಿಗೆ ಮಂಡಕ್ಕಿಯ ಜೊತೆ ನೆಂಚಿಕೊಳ್ಳಲು ಇನ್ನೊಂದು ಮೆಣಸಿನಕಾಯಿ, ಅಷ್ಟೇ. ಮಂಡಕ್ಕಿ ಇರುತ್ತಿದ್ದುದು ಹಳದಿ ಹೆಲ್ಮೆಟ್ಟಿನೊಳಗೆ. ಗೋಡೌನಿನ ಮ್ಯಾನೇಜರ್ ಪ್ರವೀಣ್ ಕುಮಾರ್ 'ಸುರಕ್ಷತಾ ಸಪ್ತಾಹ' ಎಂದು ಭಾಷಣ ಮಾಡಿ ತಲೆಗೊಂದರಂತೆ ಕೊಟ್ಟ ಹೆಲ್ಮೆಟ್ಟುಗಳು ಅವು. ಹೆಲ್ಮೆಟ್ ಹಾಕಿಕೊಂಡು ಚೀಲ ಹೊರುವುದು ಹೇಗೆಂದು ಮಾತ್ರ ಅವನು ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಒಂದರಲ್ಲಿ ಮಂಡಕ್ಕಿ, ಇನ್ನೊಂದರಲ್ಲಿ ಮಿರ್ಚಿ.

ಆವತ್ತು ಮಮತಾ ಮೊದಲು ಓದಿದ್ದು ಸಮುದ್ರದ ಆಕ್ಟೋಪಸ್ಸಿಗೆ ಮೂರು ಹೃದಯ ಇರುವ ಸಂಗತಿ.

"ಮೂರಾ? ನಂಗಿರೋ ಒಂದನ್ನೇ ನನ್ ಹೆಂಡ್ತಿ ಸುಮ್ನಿರಾಕೆ ಬಿಡಲ್ಲ" ಎಂದ ಗ್ಯಾಂಗಿನ ಓಬಳೇಶ್. ಎಲ್ಲರೂ ನಕ್ಕರು.

"ಅಬ್ಬಬ್ಬಾ!" ಎಂದ ತಿಪ್ಪೇಶಪ್ಪ. ಮತ್ತೆ ನಕ್ಕರು.

"ಇನ್ನೊಂದು ಐತೆ ಕೇಳ್ರಿ" ಎಂದು ಮಮತಾ ಬೆರಳು ಸರಿಸಿದಳು. "ಬಾಹ್ಯಾಕಾಶದಾಗೆ ಒಂದು ಮನೆ ಮಾಡ್ಯಾರಲ್ಲ, ಅದ್ರೊಳಗೆ ಬೆಂಕಿ ಹಚ್ಚಿ ನೋಡ್ಯಾರಂತೆ. ಅಲ್ಲಿ ದೀಪದ ಕುಡಿ ನಮ್ದರಂಗೆ ಮೇಲಕ್ಕೆ ಚೂಪಾಗಿ ಇರಲ್ಲಂತೆ. ಗುಂಡಗೆ, ನೀಲಿ ಬಣ್ಣದ ಗೋಲಿ ಇದ್ದಂಗೆ ಇರುತ್ತಂತೆ."

ತಿಪ್ಪೇಶಪ್ಪನ ಟೀ ನಿಂತಿತು. "ಅದ್ಯಾಕೆ ಮೇಡಂ? ಇಲ್ಲಿ ಮೇಲಕ್ಕೆ ಏಳೋದು ಅಲ್ಲಿ ಯಾಕೆ ಏಳಲ್ಲ?"

ಮಮತಾ ಇನ್ನೊಂದಿಷ್ಟು ಓದಿಕೊಂಡಳು. "ಇಲ್ಲಿ ಬಿಸಿ ಗಾಳಿ ಮೇಲಕ್ಕೆ ಹೋಗುತ್ತೆ, ಅದ್ರ ಜಾಗಕ್ಕೆ ಕೆಳಗಿನಿಂದ ಹೊಸ ಗಾಳಿ ಬರುತ್ತೆ. ಅಲ್ಲಿ ಮೇಲು ಕೆಳಗು ಅನ್ನೋದೇ ಇಲ್ವಲ್ಲ. ಒಟ್ನಾಗೆ ದೀಪನೂ ನಮ್ಮಂಗೇ ಉಸಿರು ಎಳಕಂತೈತೆ ಅಂತ ಇಟ್ಕೊಳ್ರಿ. ನಮಗೆ ಬೇಕಾದ ಗಾಳಿನೇ ಅದಕ್ಕೂ ಬೇಕು. ಇಲ್ಲಾಂದ್ರೆ ಆರೋಗುತ್ತೆ."

"ಅಬ್ಬಬ್ಬಾ! ದೀಪಕ್ಕೂ ಉಸಿರು!"

"ಮಾವ, ಇನ್ಮುಂದೆ ಬೀಡಿ ಹಚ್ಚೋ ಮುಂಚೆ ಕಡ್ಡಿ ಪೆಟ್ಟಿಗೆ ಕೇಳ್ರಿ, ನೆಗಡಿ ಆಗೈತೇನು ಅಂತ" ಎಂದ ಸಿದ್ದೇಶ್. ಟೀ ಮುಗಿಯಿತು, ಮಂಡಕ್ಕಿ ಮುಗಿಯಿತು, ಲಾರಿ ಬಂತು. ಮಮತಾ ಕಿಟಕಿ ಹಾಕಿಕೊಂಡಳು. ಮೂರು ಹೃದಯವನ್ನೂ ನೀಲಿ ಗೋಲಿಯನ್ನೂ ಎಲ್ಲರೂ ಅಲ್ಲೇ ಬಿಟ್ಟು ಎದ್ದರು, ತಿಪ್ಪೇಶಪ್ಪನೊಬ್ಬನನ್ನು ಬಿಟ್ಟು. ಅವನದು ವಿಚಿತ್ರ ತಲೆ. ಒಂದು ಸಂಗತಿ ಒಳಗೆ ಹೋಯಿತೆಂದರೆ ಎಮ್ಮೆ ಮೆಲುಕು ಹಾಕಿದಂತೆ ದಿನವಿಡೀ ಅದನ್ನೇ ಅಗಿಯುತ್ತಿರುತ್ತಿತ್ತು. ಚೀಲ ಹೊತ್ತು ಹಲಗೆ ಹತ್ತುವಾಗಲೂ ಅವನು ದೀಪ ಉಸಿರಾಡುವುದನ್ನೇ ಯೋಚಿಸುತ್ತಿದ್ದ.

ಮಧ್ಯಾಹ್ನದ ಮೇಲೆ ಅವರಿಗೆ ಬೇರೆ ಕೆಲಸವಿತ್ತು. ಹತ್ತಿರದ ಹಳ್ಳಿಯ ದೊಡ್ಡಕ್ಕ ಎಂಬ ಮುದುಕಿ ತನ್ನ ಹಗೇವು ತೆಗೆಸಬೇಕೆಂದು ಹೇಳಿ ಕಳಿಸಿದ್ದಳು. ಹಗೇವು ಎಂದರೆ ನೆಲದೊಳಗಿನ ಕಣಜ. ಗಟ್ಟಿ ನೆಲದಲ್ಲಿ ಎರಡಾಳಿನಷ್ಟು ಆಳ ತೋಡಿ, ಹೊಟ್ಟೆ ಅಗಲ ಮಾಡಿ, ಬಾಯಿ ಮಾತ್ರ ಒಬ್ಬ ಮನುಷ್ಯ ಇಳಿಯುವಷ್ಟು ಬಿಟ್ಟಿರುತ್ತಾರೆ. ಒಳಗೆ ಹುಲ್ಲು ಹಾಸಿ ರಾಗಿ ತುಂಬಿ, ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಈಗ ಯಾರೂ ಹಗೇವು ತುಂಬುವುದಿಲ್ಲ. ದೊಡ್ಡಕ್ಕ ಹಟಕ್ಕೆ ಬಿದ್ದು ತುಂಬಿಸಿದ್ದಳು. ಮೊಮ್ಮಗಳ ಮದುವೆಗೆ ಬಂದವರೆಲ್ಲ ಹಗೇವಿನ ರಾಗಿಯ ಮುದ್ದೆಯನ್ನೇ ಉಣ್ಣಬೇಕು ಎಂಬುದು ಅವಳ ಆಸೆ. ಆ ಮದುವೆ ಈಗ ಬಂದಿತ್ತು.

ಸಿದ್ದೇಶ್ ಹಳದಿ ಹೆಲ್ಮೆಟ್ ಹಾಕಿಕೊಂಡೇ ಬಂದ. "ಸುರಕ್ಷತೆ ಮೊದಲು!" ಎಂದು ಪ್ರವೀಣ್ ಕುಮಾರನ ದನಿಯಲ್ಲಿ ಕೂಗಿ ದೊಡ್ಡಕ್ಕನನ್ನೂ ನಗಿಸಿದ. ಎಲ್ಲರೂ ಸೇರಿ ಚಪ್ಪಡಿ ಎಳೆದರು. ಒಳಗಿನಿಂದ ಹುಳಿ ಹುಳಿ ಬೆಚ್ಚನೆಯ ವಾಸನೆ ಬಂತು. ಕಳೆದ ಮಳೆಗಾಲದಲ್ಲಿ ಅಂಚಿನ ಮಣ್ಣು ಬಿರಿದು ಒಂದಿಷ್ಟು ನೀರು ಇಳಿದಿತ್ತೆಂದು ಕಾಣುತ್ತದೆ. ದೊಡ್ಡಕ್ಕ ಹಗೇವಿನ ಬಾಯಿಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಎಣ್ಣೆದೀಪ ಹಚ್ಚಿ ಕೊಟ್ಟಳು.

"ಮೊದ್ಲು ದೀಪ ಇಳಿಸ್ರಪ್ಪಾ. ದೀಪ ಇಳಿಸದೆ ನಮ್ಮನೆಯಾಗೆ ಯಾರೂ ಇಳಿದಿಲ್ಲ. ಲಕ್ಷ್ಮಿ ಕತ್ತಲಾಗೆ ಕುಂತಿರ್ತಾಳೆ."

ಓಬಳೇಶ್ ದೀಪವನ್ನು ಚೊಂಬಿನಲ್ಲಿಟ್ಟು ಹಗ್ಗದಲ್ಲಿ ಇಳಿಸಿದ. ಆರಿಹೋಯಿತು. ಮೇಲೆಳೆದು ಮತ್ತೆ ಹಚ್ಚಿದರು, ಮತ್ತೆ ಆರಿತು. "ಹಾಳು ಗಾಳಿ" ಎಂದು ಓಬಳೇಶ್ ಬೈದ. ಬೈದದ್ದರಲ್ಲಿ ತಪ್ಪೇನಿಲ್ಲ. ಸುತ್ತಲಿನ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರ ನೆಟ್ಟಿರುವ ಸೀಮೆ ಅದು. ಅಲ್ಲಿ ದೀಪ ಆರಿದರೂ ಗಾಳಿ, ಹಂಚು ಹಾರಿದರೂ ಗಾಳಿ, ಬಸ್ಸು ತಡವಾಗಿ ಬಂದರೂ ಗಾಳಿಯನ್ನೇ ಬೈಯುತ್ತಾರೆ.

ಹೊತ್ತು ಹೋಗುತ್ತಿತ್ತು. ಆಗ ದೊಡ್ಡಕ್ಕನಿಗೆ ನೆನಪಾಯಿತು. ದೇವರ ಕೋಣೆಗೆ ಹೋಗಿ ಮೊಮ್ಮಗಳು ಸಂತೆಯಿಂದ ತಂದ ಬ್ಯಾಟರಿ ದೀಪ ಹಿಡಿದು ಬಂದಳು. ಪ್ಲಾಸ್ಟಿಕ್ಕಿನ ಹಣತೆ, ಪ್ಲಾಸ್ಟಿಕ್ಕಿನ ಕುಡಿ. ಬುಡದ ಗುಂಡಿ ಒತ್ತಿದರೆ ನಿಜವಾದ ದೀಪದ ಹಾಗೆಯೇ ಮಿಣಮಿಣ ಅಲುಗಾಡುತ್ತದೆ. "ಇದು ಎಂಥಾ ಗಾಳಿಗೂ ಆರಲ್ಲ" ಎಂದಳು ಹೆಮ್ಮೆಯಿಂದ. ಹಗ್ಗ ಕಟ್ಟಿ ಇಳಿಸಿದರು. ದೀಪ ಕೆಳಗೆ ಹೋಗಿ ರಾಗಿಯ ಮೇಲೆ ಕುಳಿತು ಜಗ್ಗನೆ ಬೆಳಗಿತು. ಕೆಂಪು ರಾಗಿ ಚಿನ್ನದಂತೆ ಕಂಡಿತು. ದೊಡ್ಡಕ್ಕ ಕೈಮುಗಿದಳು. ಎಲ್ಲರಿಗೂ ಸಮಾಧಾನ. ಶಾಸ್ತ್ರವೂ ಆಯಿತು, ಬೆಳಕೂ ಆಯಿತು.

ಸಿದ್ದೇಶ್ ಹಗೇವಿನ ಬಾಯಿಯ ಅಂಚಿನಲ್ಲಿ ಕುಳಿತು ಕಾಲು ಇಳಿಬಿಟ್ಟ. ಎರಡೂ ಕೈ ಅಂಚಿಗೆ ಊರಿ ಮೈ ಕೆಳಗೆ ಬಿಡುವುದರಲ್ಲಿದ್ದ.

ತಿಪ್ಪೇಶಪ್ಪ ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ಕೆಳಗಿನ ದೀಪವನ್ನೇ ನೋಡುತ್ತಿದ್ದ. ಎಷ್ಟು ಚೆಂದ ಉರಿಯುತ್ತದೆ ಎಂದುಕೊಂಡ. ಗಾಳಿ ಬೀಸಿದರೂ ಉರಿಯುತ್ತದೆ. ಸಂತೆಯಲ್ಲಿ ಪ್ಲಾಸ್ಟಿಕ್ ಸುತ್ತಿದ ಡಬ್ಬಿಯೊಳಗೆ ಇಟ್ಟ ಇಂಥ ದೀಪಗಳೂ ಹೀಗೇ ಉರಿಯುವುದನ್ನು ಅವನು ಕಂಡಿದ್ದ. ಹಾಗಾದರೆ ಇದಕ್ಕೆ ಉಸಿರು? ಬೆಳಗಿನಿಂದ ಅಗಿಯುತ್ತಿದ್ದ ಮಾತು ಅವನ ಗಂಟಲಲ್ಲಿ ಸಿಕ್ಕಿಕೊಂಡಿತು. ಇದಕ್ಕೆ ಉಸಿರೇ ಬೇಡ. ಉಸಿರು ಬೇಕಾದ ದೀಪ ಎರಡು ಸಲ ಹೋಗಿ ಎರಡು ಸಲವೂ ಸತ್ತು ಬಂದಿತ್ತು.

ಅವನು ಮುಂದಕ್ಕೆ ಬಗ್ಗಿ ಅಳಿಯನ ಮಣಿಕಟ್ಟು ಹಿಡಿದುಕೊಂಡ.

"ಬಿಡ್ರಿ ಮಾವ, ಇಳಿಯಾಕೆ ಹೊತ್ತಾತು."

"ಬಿಡಲ್ಲ."

"ಅಯ್ಯೋ, ಏನಾತು ನಿಮಗೆ?"

"ಮೇಲೆ ಬಾ. ಈ ದೀಪ ಉಸಿರಾಡಲ್ಲ ಕಣೋ."

ಸಿದ್ದೇಶ್ ನಕ್ಕ. ಓಬಳೇಶನೂ ನಕ್ಕ. "ಮೇಸ್ತ್ರಿ, ಬೆಳಿಗ್ಗಿನ ಸುದ್ದಿ ಇನ್ನೂ ಇಳಿದಿಲ್ವಾ? ಅದು ಆಕಾಶದಾಗಿಂದು, ಇದು ರಾಗಿ ಗುಂಡಿ."

ತಿಪ್ಪೇಶಪ್ಪ ನಗಲಿಲ್ಲ. ಹೇಳಬೇಕಾದ್ದು ಒಳಗೆ ಸ್ಪಷ್ಟವಾಗಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ಪುಷ್ಪಾಳಿಗೆ ಏಳು ತಿಂಗಳು. ಬೆಳಿಗ್ಗೆ ಬುತ್ತಿ ಕಟ್ಟಿ ಕೊಡುವಾಗ ಗಂಡನ ಬುತ್ತಿಗೆ ಒಂದು ರೊಟ್ಟಿ ಹೆಚ್ಚಿಗೆ ಹಾಕಿದ್ದನ್ನು ಅವನು ನೋಡಿದ್ದ. "ಏನಾದ್ರೂ ಆದ್ರೆ ನನ್ ಮಗಳಿಗೆ ನಾನು ಏನಂತ ಹೇಳ್ಲಿ? ಮೇಲೆ ಬಾ ಅಂದ್ರೆ ಬಾ!" ಎಂದು ಕಿರುಚಿದ. ಮೇಸ್ತ್ರಿ ಆದಾಗಿನಿಂದ ಅವನು ಅಷ್ಟು ಜೋರಾಗಿ ಕೂಗಿದ್ದು ಯಾರೂ ಕೇಳಿರಲಿಲ್ಲ. ಸಿದ್ದೇಶನ ನಗು ನಿಂತಿತು. ಮುಖ ಗಂಟು ಹಾಕಿಕೊಂಡು ಕಾಲು ಮೇಲೆಳೆದುಕೊಂಡ.

ತಿಪ್ಪೇಶಪ್ಪ ಅವನ ತಲೆಯ ಹೆಲ್ಮೆಟ್ ಕಿತ್ತುಕೊಂಡ. ಎಣ್ಣೆದೀಪಕ್ಕೆ ಹೊಸ ಬತ್ತಿ ಹಾಕಿ ಹಚ್ಚಿ ಚೊಂಬಿನಲ್ಲಿಟ್ಟ. ಹೆಲ್ಮೆಟ್ಟನ್ನು ಗಾಳಿಗೆ ಅಡ್ಡ ಹಿಡಿದುಕೊಂಡು ಹಗೇವಿನ ಬಾಯಿಗೆ ತಂದ. ದೀಪ ನೆಟ್ಟಗೆ ಉರಿಯುತ್ತಿತ್ತು. "ನೀವೇ ನೋಡ್ರಿ. ಈಗ ಗಾಳಿ ಇಲ್ಲ" ಎಂದು ಮೆಲ್ಲಗೆ ಹಗ್ಗ ಬಿಟ್ಟ.

ಎಲ್ಲರೂ ಸುತ್ತ ಬಗ್ಗಿದರು. ದೀಪ ಬಾಯಿ ದಾಟಿತು. ಒಂದು ಮೊಳ ಇಳಿಯಿತು, ಇನ್ನೂ ಒಂದು ಮೊಳ. ಕುಡಿ ಅಲುಗಲಿಲ್ಲ, ಎತ್ತಲೂ ಬಾಗಲಿಲ್ಲ. ನಿಂತ ನಿಲುವಿನಲ್ಲೇ ಚಿಕ್ಕದಾಯಿತು, ಯಾರೋ ಬೆರಳಿನಿಂದ ಒತ್ತಿದ ಹಾಗೆ ನಂದಿತು. ಅದರ ಕೆಳಗೆ ಬ್ಯಾಟರಿ ದೀಪ ಏನೂ ಆಗಿಲ್ಲವೆಂಬಂತೆ ಮಿಣಮಿಣ ಎನ್ನುತ್ತಿತ್ತು.

ಸಿದ್ದೇಶ್ ಆ ದೀಪ ನಂದಿದ ಜಾಗವನ್ನು ನೋಡಿದ. ಗುಂಡಿಯೊಳಗೆ ನಿಂತಿದ್ದರೆ ಅಲ್ಲಿಗೇ ತನ್ನ ಮೂಗು ಬರುತ್ತಿತ್ತು. ಚೀಲಕ್ಕೆ ರಾಗಿ ತುಂಬಲು ಬಗ್ಗಿದ್ದರೆ ಅದಕ್ಕೂ ಕೆಳಗೆ. ಅವನು ಹಿಂದಕ್ಕೆ ಸರಿದು ನೆಲದ ಮೇಲೆ ಕುಳಿತುಬಿಟ್ಟ.

ದೊಡ್ಡಕ್ಕ ಕಾಯಿಯ ಹೋಳು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. "ನಮ್ಮನೆಯೋರು ಇದ್ದಾಗ ದೀಪ ಇಳಿಸಿ ಬಾಳ ಹೊತ್ತು ಬಗ್ಗಿ ಕುಂತಿರೋರು. ಮಾತೇ ಆಡ್ತಿರ್ಲಿಲ್ಲ. ನಾನು, ಎಷ್ಟು ಭಕ್ತಿ ನಮ್ಮನೆಯೋರಿಗೆ ಅಂತ ಅಂದ್ಕೊಂಡಿದ್ದೆ" ಎಂದಳು. ಆಮೇಲೆ ನಿಧಾನವಾಗಿ, "ಅವ್ರು ಪೂಜೆ ಮಾಡ್ತಿರ್ಲಿಲ್ಲಪ್ಪಾ. ಅವ್ರು ನೋಡ್ತಿದ್ರು" ಎಂದಳು.

ಓಬಳೇಶ್ ಮಮತಾಳಿಗೆ ಫೋನು ಮಾಡಿದ. ಅವಳು ಅರ್ಧ ಕೇಳಿಯೇ ಗಾಬರಿಯಾದಳು. "ಯಾರೂ ಇಳಿಬ್ಯಾಡ್ರಿ! ನೆನೆದ ಕಾಳಿನಿಂದ ಹುಟ್ಟೋ ಗ್ಯಾಸು ಭಾರ ಇರುತ್ತೆ, ತಾನಾಗೇ ಮೇಲೆ ಬರಲ್ಲ" ಎಂದು ಕೂಗಿದಳು. ಪ್ರವೀಣ್ ಕುಮಾರನನ್ನು ಒಪ್ಪಿಸಿ, ಮೆಕ್ಕೆಜೋಳದ ಹೊಟ್ಟು ಹಾರಿಸುವ ದೊಡ್ಡ ಬ್ಲೋವರನ್ನೂ ಅದರ ಉದ್ದನೆಯ ಕೊಳವೆಯನ್ನೂ ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ತಾನೇ ಬಂದಳು. ಕೊಳವೆಯನ್ನು ತಳದವರೆಗೆ ಇಳಿಸಿ ಸಂಜೆಯ ತನಕ ಗಾಳಿ ಹೊಡೆದರು. ನಡುನಡುವೆ ನಿಲ್ಲಿಸಿ ದೀಪ ಇಳಿಸುವುದು, ಅದು ಎಲ್ಲಿಯವರೆಗೆ ಹೋಗುತ್ತದೆಂದು ನೋಡುವುದು. ಪ್ರತಿ ಸಲವೂ ಇನ್ನಷ್ಟು ಕೆಳಗೆ ಹೋಗಿ ನಂದುತ್ತಿತ್ತು. ಆ ಪುಟ್ಟ ಕುಡಿಯನ್ನು ನೋಡಿ ತಿಪ್ಪೇಶಪ್ಪನಿಗೆ ಅದರ ಮೇಲೆ ಅಭಿಮಾನ ಉಕ್ಕಿ ಬಂತು. ಎಂಥ ಕೆಲಸಗಾರ! ನಮಗಿಂತ ಮೊದಲು ತಾನು ಇಳಿಯುತ್ತದೆ, ಅಲ್ಲಿ ಏನಿದೆಯೆಂದು ಸುಳ್ಳಿಲ್ಲದೆ ಹೇಳುತ್ತದೆ. ಇದನ್ನು ಮೊದಲ ಸಲ ಕಂಡುಹಿಡಿದು ಹಗ್ಗಕ್ಕೆ ಕಟ್ಟಿದ ಪುಣ್ಯಾತ್ಮ ಯಾರೋ. ಬಾಹ್ಯಾಕಾಶದವರ ಪಕ್ಕದಲ್ಲಿ ಅವನಿಗೂ ಒಂದು ಕುರ್ಚಿ ಹಾಕಬೇಕು ಎನಿಸಿತು.

"ನಾನು ಓದ್ತೀನಿ, ಬೆರಳು ಸರಿಸ್ತೀನಿ. ಬೆಳಿಗ್ಗೆ ಓದಿದ್ದು ಮಧ್ಯಾಹ್ನಕ್ಕೆ ನಂಗೇ ನೆನಪಿರಲ್ಲ" ಎಂದಳು ಮಮತಾ ಅವನ ಪಕ್ಕ ನಿಂತು. "ನೀವು ಹೆಂಗೆ ಹಿಡ್ಕೊಂಡ್ರಿ ತಿಪ್ಪೇಶಣ್ಣ?"

"ನೀವು ಹೇಳಿದ್ದಕ್ಕೆ ತಾನೇ ಮೇಡಂ ಹಿಡ್ಕೊಂಡಿದ್ದು" ಎಂದ ಅವನು. ಅಷ್ಟು ಹೇಳಿ ನಾಚಿಕೊಂಡು ಹಗ್ಗ ಸರಿಮಾಡತೊಡಗಿದ.

ಹೊತ್ತು ಇಳಿಯುವ ಹೊತ್ತಿಗೆ ಕೊನೆಯ ಸಲ ಹಗ್ಗ ಬಿಟ್ಟರು. ದೀಪ ಬಾಯಿ ದಾಟಿ, ಮೂಗಿನ ಮಟ್ಟ ದಾಟಿ, ರಾಗಿಯ ಮೇಲೆ ಹೋಗಿ ಕುಳಿತಿತು. ಉರಿಯಿತು. ಎಲ್ಲರೂ ಉಸಿರು ಬಿಗಿಹಿಡಿದು ಕಾದರು. ಇನ್ನೂ ಉರಿಯುತ್ತಲೇ ಇತ್ತು. ಬ್ಯಾಟರಿ ದೀಪದಷ್ಟು ಬೆಳಕೇನೂ ಇರಲಿಲ್ಲ ಅದಕ್ಕೆ. ಆದರೂ ಯಾರೂ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.

ಮಾವನ ಹೆಗಲಿಗೆ ಹೆಗಲು ತಾಗಿಸಿ ಬಗ್ಗಿದ್ದ ಸಿದ್ದೇಶನ ಸೊಂಟಕ್ಕೆ ಈಗ ಹಗ್ಗ ಬಿಗಿದಿತ್ತು, ಅದರ ತುದಿ ತಿಪ್ಪೇಶಪ್ಪನ ಕೈಯಲ್ಲಿತ್ತು. ಗೇಲಿ ಮಾಡಲು ಅವನು ಏನಾದರೂ ಹುಡುಕುತ್ತಾನೆಂದು ಓಬಳೇಶ್ ಅವನ ಮುಖ ನೋಡಿದ. ಸಿದ್ದೇಶ್ ಯಾರನ್ನೂ ನೋಡುತ್ತಿರಲಿಲ್ಲ. ಕೆಳಗೆ ಉಸಿರಾಡುತ್ತಿದ್ದ ಆ ದೀಪವನ್ನೇ ನೋಡುತ್ತ, ತನಗಷ್ಟೇ ಕೇಳುವಂತೆ ಮೆಲ್ಲಗೆ ಅಂದ:

"ಅಬ್ಬಬ್ಬಾ."