ಬೇಡ ಎಂದ ಮೇಲೆ

ಹೆರೆಯುವಾಗ ತುಂಡಾಗಬಾರದು. ತುಂಡಾದರೆ ಪುಡಿ ಉದುರುತ್ತದೆ, ಪುಡಿ ಉದುರಿದರೆ ಸಾಕ್ಷಿ. ತಮ್ತಾ ಉಸಿರು ಬಿಗಿಹಿಡಿದು ಚೀಸು ಹೆರೆಯುವ ಚಪ್ಪಟೆ ಅಲಗನ್ನು ತನ್ನ ಕಡೆಗೆ ಎಳೆದುಕೊಂಡಳು. ಕಂದು ಚೀಸಿನ ಗಟ್ಟಿಯಿಂದ ತೆಳ್ಳಗೊಂದು ಹಾಳೆ ಎದ್ದು ಅಲಗಿನ ಮೇಲೆ ಮಲಗಿತು. ಅವಳ ಒಂದು ಕಿವಿ ಬಾಗಿಲ ಕಡೆಗೇ ಇತ್ತು. ಚೀಸಿನ ಒಡತಿ, ಅದೇ ಮನೆಯ ಇನ್ನೊಂದು ಕೋಣೆಯ ತೋರುನ್‌ಗೆ ಎರಡು ಗಂಟೆಯವರೆಗೆ ತರಗತಿ. ಆದರೂ ಕದಿಯುವವಳು ಗಡಿಯಾರವನ್ನು ನಂಬುವುದು ಹೇಗೆ?

ಮೂರನೆಯ ಹಾಳೆ. ಎರಡಕ್ಕೇ ನಿಲ್ಲಿಸುತ್ತೇನೆಂದು ನಿನ್ನೆ ತನಗೆ ತಾನೇ ಆಣೆ ಹಾಕಿಕೊಂಡಿದ್ದಳು. ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಂತು ಬರಿದೇ ತಿಂದಳು. ಆಡಿನ ಹಾಲಿನ ಉಪ್ಪುಸಿಹಿ ನಾಲಿಗೆಗೆ ಅಂಟಿಕೊಂಡಿತು. ಆಮೇಲೆ ಕಾಗದವನ್ನು ಮೊದಲಿದ್ದ ಗೆರೆಯಲ್ಲೇ ಮಡಚಿ ಫ್ರಿಜ್ಜಿನಲ್ಲಿ ತೋರುನ್‌ಳ ಖಾನೆಯಲ್ಲಿಟ್ಟಳು.

ತಮ್ತಾಳ ಸ್ವಂತ ಖಾನೆಯಲ್ಲಿ ಅರ್ಧ ಎಲೆಕೋಸು, ಬೇಯಿಸಿದ ಆಲೂಗಡ್ಡೆ. ಜಾರ್ಜಿಯಾದ ಕುತಾಯಿಸಿಯಲ್ಲಿ ಕೂತು ನೋಡಿದಾಗ ದೊಡ್ಡದಾಗಿ ಕಂಡಿದ್ದ ವಿದ್ಯಾರ್ಥಿವೇತನ ನಾರ್ವೆಯ ಈ ಟ್ರೊನ್‌ಹೈಮಿನಲ್ಲಿ ಕೋಣೆಯ ಬಾಡಿಗೆಗೇ ಸರಿಹೋಗುತ್ತಿತ್ತು. ಹಾಗಂತ ಸಾಯುವಂಥ ಹಸಿವೇನಲ್ಲ. ಅದೇ ಅವಳನ್ನು ಕೊರೆಯುತ್ತಿದ್ದುದು. ಹೊಟ್ಟೆಗಿಲ್ಲದೆ ಕದ್ದಿದ್ದರೆ ಒಂದು ಮರ್ಯಾದೆಯಾದರೂ ಇರುತ್ತಿತ್ತು.

ಇಷ್ಟಕ್ಕೂ ಕದಿಯುವ ಅಗತ್ಯವೇ ಇರಲಿಲ್ಲ. ಆಗಸ್ಟಿನಲ್ಲಿ ಬಂದ ಮೊದಲ ದಿನವೇ ತೋರುನ್ ಇದೇ ಚೀಸನ್ನು ಮುಂದಿಟ್ಟು, ತಗೋ ಎಂದಿದ್ದಳು. ತಮ್ತಾ ಎದೆಯ ಮೇಲೆ ಕೈಯಿಟ್ಟು, ಬೇಡ, ಎಂದಳು. ಅವಳ ಊರಿನಲ್ಲಿ ಮೊದಲ ಬೇಡಕ್ಕೆ ಯಾರೂ ಬೆಲೆ ಕೊಡುವುದಿಲ್ಲ. ಎರಡನೆಯದಕ್ಕೆ ಮನೆಯಾಕೆ ಮುನಿಸಿಕೊಳ್ಳುತ್ತಾಳೆ, ಮೂರನೆಯದರ ಹೊತ್ತಿಗೆ ತಟ್ಟೆ ತುಂಬಿರುತ್ತದೆ. ತೋರುನ್ ಮಾತ್ರ ತಲೆಯಾಡಿಸಿ ಚೀಸನ್ನು ಒಳಗಿಟ್ಟುಬಿಟ್ಟಳು. ತೆಗೆದುಕೊಳ್ಳಲು ಆಗಲೇ ಮುಂದೆ ಬಂದಿದ್ದ ಕೈಯನ್ನು ತಮ್ತಾ ಕೂದಲು ಸರಿಮಾಡಿಕೊಳ್ಳುವ ನೆಪದಲ್ಲಿ ಮೇಲೆತ್ತಿದಳು. ಆ ಅವಮಾನ ಮುಚ್ಚಿಕೊಳ್ಳಲು, ನಂಗೆ ಸಿಹಿ ಚೀಸ್ ಅಂದ್ರೆ ಆಗೋದೇ ಇಲ್ಲ ಎಂದು ಸುಳ್ಳನ್ನೂ ಸೇರಿಸಿದಳು. ಆಮೇಲೆ ಯಾರೂ ಕೇಳಲಿಲ್ಲ. ಒಮ್ಮೆ ಬೇಡ ಎಂದವರನ್ನು ಮತ್ತೆ ಕೇಳುವುದು ಇಲ್ಲಿ ಮರ್ಯಾದೆಯಲ್ಲವಂತೆ.

ಅಮ್ಮನ ಫೋನು ಬಂತು. ಊಟ ಆಯಿತೇ, ಚಳಿ ಎಷ್ಟು, ಮನೆಯವರಿಗೆಲ್ಲ ಒಂದು ದಿನ ಮೇಜು ತುಂಬ ಮಾಡಿ ಬಡಿಸಿದೆಯಾ ಎಂದು ಒಂದೇ ಉಸಿರಿನಲ್ಲಿ ಕೇಳಿದಳು. ಬಡಿಸಿದೆ ಎಂದಳು ತಮ್ತಾ.

"ಅವ್ರೂ ನಿಂಗೆ ಬಲವಂತ ಮಾಡಿ ಹಾಕ್ತಾರೆ ತಾನೇ, ಮಗಳೇ?"

"ಹಾಕ್ತಾರೆ. ಸಾಕು ಅಂದ್ರೂ ಬಿಡಲ್ಲ."

ಮಧ್ಯಾಹ್ನ ಬರೆಯಬೇಕಿದ್ದ ಪ್ರಬಂಧ, ಈ ದೇಶದ ಜನ ಒಬ್ಬರನ್ನೊಬ್ಬರು ಯಾಕಿಷ್ಟು ನಂಬುತ್ತಾರೆ ಎಂಬುದರ ಮೇಲೆ. ನಗಬೇಕೋ ಅಳಬೇಕೋ! ಒಂದು ಪುಟ ಮುಗಿಯುವಷ್ಟರಲ್ಲಿ ತೋರುನ್‌ಳ ಸಂದೇಶ ಬಂತು. ಐದಕ್ಕೆ ಅಡುಗೆಮನೆಯಲ್ಲಿ ಸೇರೋಣ, ವಾಫಲ್ ಮಾಡ್ತೀನಿ, ಚೀಸಿನ ವಿಷಯ ಸ್ವಲ್ಪ ಮಾತಾಡೋದಿದೆ. ಕೊನೆಗೊಂದು ನಗುಮುಖ.

ತಮ್ತಾ ಪ್ರಬಂಧವನ್ನು ಬದಿಗಿಟ್ಟಳು. ಆ ಮನೆಯಲ್ಲಿ ಇರುವುದೇ ಮೂವರು. ನಾಲ್ಕನೆಯ ಕೋಣೆ ಖಾಲಿ. ಮೂರನೆಯವನು ಬಾಂಗ್ಲಾದೇಶದ ಮಹಫೂಜ್, ಮೀನುಸಾಕಣೆಯ ಮೇಲೆ ಸಂಶೋಧನೆ ಮಾಡುವವನು, ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವನು. ಕಳೆದ ವಾರ ಅವಳ ಕೈಯಲ್ಲಿ ಅಲಗಿದ್ದಾಗಲೇ ಅವನು ಒಳಗೆ ಬಂದಿದ್ದ. ನೋಡಿದ. ಕೆಟಲಿಗೆ ನೀರು ತುಂಬಿ, ನಾಳೆ ಹಿಮ ಬೀಳಬಹುದು ಎಂದು ಹೇಳಿ ಹೊರಟುಹೋದ. ಅಂದಿನಿಂದ ಅವಳು ಅವನ ಮುಖ ನೋಡಿ ಮಾತಾಡಿಲ್ಲ. ಹೇಳಿಬಿಡುತ್ತಾನೆ. ಹೇಳಲಿ, ಒಂದೇ ಸಲಕ್ಕೆ ಮುಗಿದುಹೋಗಲಿ ಎಂದುಕೊಂಡಳು. ಆದರೂ ಹೇಳದಿರಲಿ ಎಂದು ಊರ ಸಂತರನ್ನೆಲ್ಲ ಬೇಡಿಕೊಂಡಳು.

ಐದರ ಹೊತ್ತಿಗೆ ಹೊರಗೆ ಗಾಢ ಕತ್ತಲು. ಮೇಜಿನ ಮೇಲೆ ಮೇಣದಬತ್ತಿ, ಕಾಫಿ, ನಡುವೆ ಚೀಸಿನ ಗಟ್ಟಿ. ತಪ್ಪು ಮಾಡಿದವಳು ತಾನೇ ಎಂಬಂತೆ ತೋರುನ್‌ಳ ಕುತ್ತಿಗೆ ಕೆಂಪಾಗಿತ್ತು. ಯಾರ ಮೇಲೂ ಆರೋಪವಿಲ್ಲ, ಚೀಸು ದೊಡ್ಡ ವಿಷಯವೂ ಅಲ್ಲ, ಯಾರಿಗಾದರೂ ದುಡ್ಡಿಗೆ ಕಷ್ಟವಾಗಿದ್ದರೆ ಬಾಯಿಬಿಟ್ಟು ಹೇಳಬಹುದು, ನಾಚಿಕೊಳ್ಳಬೇಕಿಲ್ಲ ಎಂದು ತನ್ನ ಕಾಫಿ ಕಪ್ಪಿನ ಜೊತೆ ಮಾತಾಡಿದಳು. ಕೊನೆಗೆ ತಲೆಯೆತ್ತಿದಾಗ ಅವಳ ಕಣ್ಣು ಹೋದದ್ದು ಮಹಫೂಜ್‌ನ ಕಡೆಗೆ. ತಮ್ತಾಳ ಕಡೆಗೆ ಯಾಕೆ ಹೋದೀತು? ಅವಳಿಗೆ ಸಿಹಿ ಚೀಸು ಆಗುವುದಿಲ್ಲವೆಂದು ಮನೆಗೆಲ್ಲ ಗೊತ್ತಲ್ಲ!

ತಮ್ತಾಳಿಗೆ ಮೊದಲು ಆದದ್ದು ಸಮಾಧಾನ. ಭುಜ ತಂತಾನೇ ಸಡಿಲವಾಯಿತು. ಛೀ, ಎಂಥವಳು ನಾನು ಎಂಬ ಹೇಸಿಗೆ ಬಂದದ್ದು ಆಮೇಲೆ.

"ನಾನೇ," ಎಂದ ಮಹಫೂಜ್.

ತಮ್ತಾ ಅವನನ್ನು ನೋಡಿದಳು. ಅವನು ಮೇಣದಬತ್ತಿಯನ್ನು ನೋಡುತ್ತಿದ್ದ. ತೋರುನ್ ಉಸಿರುಬಿಟ್ಟು, ಹೇಳಿದ್ದು ಒಳ್ಳೇದಾಯ್ತು, ಇನ್ಮೇಲೆ ಇದು ಎಲ್ಲರದ್ದು ಎಂದು ಗಟ್ಟಿಯನ್ನು ಅವನ ಮುಂದೆ ಸರಿಸಿದಳು. ಈಗ, ಈ ಗಳಿಗೆಯಲ್ಲೇ ಹೇಳಬೇಕು. ಅವನಲ್ಲ, ನಾನು. ಎರಡೇ ಪದ. ತಮ್ತಾ ಬಾಯಿ ತೆರೆದಳು.

"ಯಾರಿಗಾದ್ರೂ ಇನ್ನೂ ಕಾಫಿ ಬೇಕಾ?" ಎಂದು ಕೇಳಿಬಿಟ್ಟಳು.

ತೋರುನ್ ಎದ್ದು ವಾಫಲ್ ಕಾವಲಿಯ ಹತ್ತಿರ ಹೋದಳು. ತಮ್ತಾ ಮೇಜಿನ ಮೇಲೆ ಬಾಗಿ, ಯಾಕೆ ಹಾಗಂದೆ ಎಂದು ಪಿಸುಗುಟ್ಟಿದಳು.

"ಅವಳು ಆಗ್ಲೇ ನನ್ನ ನೋಡಿ ಆಗಿತ್ತು," ಎಂದ ಅವನು. "ಬೇಗ ಮುಗೀಲಿ ಅಂತ. ನಂಗೆ ಓದೋದಿದೆ."

ಮೊದಲ ವಾಫಲ್ ಮಹಫೂಜ್‌ಗೇ ಬಂತು. ಅವನು ಅಲಗನ್ನು ಕೈಗೆತ್ತಿಕೊಂಡು ಗಟ್ಟಿಗೆ ಚುಚ್ಚಿದ. ಒಂದು ಮೂಲೆ ಮುರಿದು ಪುಡಿಯಾಯಿತು. ಇನ್ನೊಮ್ಮೆ ಎಳೆದ, ನಡುವೆ ಹಳ್ಳ ಬಿತ್ತು. ತೋರುನ್‌ಗೆ ನಗು ಬಂತು. ಬಂದ ನಗು ಅಲ್ಲೇ ನಿಂತುಹೋಯಿತು. ಮೂರು ತಿಂಗಳಿಂದ ಒಂದಾದ ಮೇಲೊಂದು ಗಟ್ಟಿ ನುಣ್ಣಗೆ ಸವೆಯುತ್ತಿತ್ತು, ಹಳ್ಳ ಬಿದ್ದದ್ದನ್ನು ಅವಳು ಇವತ್ತೇ ಮೊದಲು ನೋಡುತ್ತಿದ್ದಳು.

"ನಿಂಗೆ ಹೆರೆಯೋಕೆ ಬರಲ್ವಾ?"

"ಇವತ್ತು ಕೈ ನಡುಗ್ತಿದೆ."

ಕಾವಲಿಯಿಂದ ಹೊಗೆ ಬಂತು. ತೋರುನ್ ಅತ್ತ ಓಡುತ್ತಾ, "ತಮ್ತಾ, ಅವನಿಗೊಂದು ಹೆರೆದುಕೊಡು. ನೀನು ತಿನ್ನಲ್ಲ, ಗೊತ್ತು," ಎಂದಳು.

ಮಹಫೂಜ್ ಅಲಗನ್ನು ಅವಳಿಗೆ ಕೊಟ್ಟ. ಕೊಡುವಾಗ ಮೆಲ್ಲಗೆ, ಮುರಿದುಬಿಡು ಎಂದ.

ಮುರಿಯುವುದು ಸುಲಭ. ಮಣಿಕಟ್ಟನ್ನು ಒಂದಿಷ್ಟು ಓರೆ ಮಾಡಿದರೆ ಸಾಕು, ಪುಡಿಯಾಗುತ್ತದೆ; ಅವನು ಕಳ್ಳನಾಗಿ ಉಳಿಯುತ್ತಾನೆ, ಅವಳು ಈ ಮನೆ ಬಿಡುವ ಜನವರಿಯವರೆಗೆ ಮರ್ಯಾದಸ್ಥೆಯಾಗಿ ಉಳಿಯುತ್ತಾಳೆ. ಓರೆ ಮಾಡಲೆಂದೇ ಅವಳು ಅಲಗನ್ನು ಗಟ್ಟಿಯ ಮೇಲಿಟ್ಟಳು. ಎಳೆದಳು. ಕೈ ನೇರವಾಗಿ ಬಂತು. ತಾನೇ ಹಾಗೆ ಎಳೆದಳೋ, ಕೈ ತಾನಾಗಿ ಹೋಯಿತೋ ಅವಳಿಗೆ ತಿಳಿಯಲಿಲ್ಲ. ಮುರಿದ ಮೂಲೆಯನ್ನು ದಾಟಿ, ಹಳ್ಳವನ್ನು ಸವರಿ, ಅಂಚಿನಿಂದ ಅಂಚಿಗೆ, ಮೂರು ತಿಂಗಳಿಂದ ಬರುತ್ತಿದ್ದಂತೆಯೇ, ಇಡೀ ಹಾಳೆ ಎದ್ದು ಬಂತು.

ತೋರುನ್ ವಾಫಲ್ ಹಿಡಿದು ಅವಳ ಹಿಂದೆಯೇ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಚೆನ್ನಾಗಿ ಬಂತು," ಎಂದಳು ತೋರುನ್.

ತಮ್ತಾ ತಿರುಗಲಿಲ್ಲ. ಕಿವಿ ಕಾದು ಸುಡುತ್ತಿತ್ತು. ಹಾಳೆ ಬಿದ್ದೀತೆಂದು ಅಲಗನ್ನು ಮೇಜಿನ ನಡುವೆ ಮಟ್ಟಸವಾಗಿ ಹಿಡಿದುಕೊಂಡಳು. ಅದರ ಒಂದು ಅಂಚು ಮೆಲ್ಲಗೆ ಸುರುಳಿಯಾಗತೊಡಗಿತು, ಅದರೊಳಗಿಂದ ಮೇಣದಬತ್ತಿಯ ಬೆಳಕು ಕಂದಾಗಿ ಕಾಣುತ್ತಿತ್ತು. ಮಹಫೂಜ್ ತನ್ನ ತಟ್ಟೆಯನ್ನು ಮುಂದೆ ತರಲಿಲ್ಲ. ತೋರುನ್ ಕೂಡ ತರಲಿಲ್ಲ. ತಮ್ತಾ ಕೈ ಚಾಚಿಕೊಂಡೇ ಇದ್ದಳು.