ಬಿರುಕಿನ ಕಾವಲು

ಯಂತ್ರದ ಮುಳ್ಳು ಮೂರನ್ನು ದಾಟಿದರೆ ಕೈ ಎತ್ತಬೇಕು, ಅಷ್ಟೇ. ಕೈ ಎತ್ತಿದರೆ ವೇದಿಕೆಯ ಮೇಲೆ ವಾದನ ನಿಲ್ಲುತ್ತದೆ. ನಿಯಮ ಮಾಡಿದವನೂ ಅವನೇ.

ಹಳೆಯ ಶಿಲ್ಪಗಳನ್ನು ದುರಸ್ತಿ ಮಾಡುವುದು ಅವನ ಕೆಲಸ. ಕಚೇರಿ ನಡೆಯುತ್ತಿದ್ದ ಸಂಗ್ರಹಾಲಯದ ದೊಡ್ಡ ಕೋಣೆಯಲ್ಲಿ, ಪಾದದ ಬಳಿ ಬಿರುಕು ಬಿಟ್ಟ ಅಮೃತಶಿಲೆಯ ಹೆಂಗಸಿನ ಶಿಲ್ಪದ ಪೀಠಕ್ಕೆ ಕಂಪನ ಅಳೆಯುವ ಯಂತ್ರ ಅಂಟಿಸಿ ಪಕ್ಕದಲ್ಲೇ ಕೂತಿದ್ದ. ಜಾಗ ಇಕ್ಕಟ್ಟು, ಮೊಣಕಾಲು ಪೀಠಕ್ಕೆ ಒತ್ತುತ್ತಿತ್ತು.

ಸಂಗ್ರಹಾಲಯದ ನಿರ್ದೇಶಕರು ಬಗ್ಗಿ ಪಿಸುಗುಟ್ಟಿದರು. "ಹೆಂಡ್ತಿ ಪಿಟೀಲು ಬಾರಿಸ್ತಿದ್ದಾರೆ ಅಂತ ಮೈಮರೀಬೇಡಿ ಕಣ್ರೀ. ಕಲ್ಲು ಉರುಳಿದ್ರೆ ನಾವಿಬ್ರೂ ಮನೆಗೆ."

"ಮೈಮರೆಯೋ ಅಭ್ಯಾಸ ನನಗಿಲ್ಲ."

ಸುಳ್ಳೇನಲ್ಲ. ಮಗಳು ತೀರಿಕೊಂಡ ದಿನ ಆಸ್ಪತ್ರೆಗೆ ಬಂದವರಿಗೆಲ್ಲ ಕುರ್ಚಿ ಹುಡುಕಿ ಕೊಟ್ಟಿದ್ದ. ಅಳಲಿಲ್ಲ. ಆಮೇಲೂ ಅಳಲಿಲ್ಲ. ಅದನ್ನು ನೋಡಲಾರದೆ ಹೆಂಡತಿ ಅಕ್ಕನ ಮನೆಗೆ ಹೊರಟುಹೋದಳು.

ನಿನ್ನೆ ಫೋನ್ ಮಾಡಿದ್ದಳು. "ನಾಳೆ ಕೊನೇಲಿ ಅವಳ ಹಾಡು ಬಾರಿಸ್ತೀನಿ. ಮಲಗಿಸೋವಾಗ ಬಾರಿಸ್ತಿದ್ನಲ್ಲ, ಅದು. ಪೂರ್ತಿ ಕೇಳಿಸ್ಕೋ. ನಿನ್ನ ಜೊತೆ ಮನೆಗೆ ಬರ್ತೀನಿ."

"ಅಷ್ಟೇನಾ?"

"ಅಷ್ಟು ಮಾಡು ಸಾಕು."

ಬೆಳಿಗ್ಗೆ ಎದ್ದು ಮಗಳ ಕೋಣೆಯ ಕಿಟಕಿ ತೆರೆದಿದ್ದ, ಅಡಿಗೆಮನೆ ಒರೆಸಿದ್ದ. ಆಸೆಗೆ ಮಾನಮರ್ಯಾದೆ ಇರುವುದಿಲ್ಲ.

ಈಗ ಹಾಡು ಶುರುವಾಯಿತು. ಮಂದ್ರದ ತಂತಿ, ಬಹಳ ಮೆಲ್ಲಗೆ. ಅವಳು ಅವನನ್ನೇ ನೋಡುತ್ತಿದ್ದಳು. ಅವನು ಮುಳ್ಳನ್ನು ನೋಡುತ್ತಿದ್ದ.

ಎರಡು. ಎರಡೂವರೆ. ಇಷ್ಟು ಸಣ್ಣ ಸದ್ದಿಗೆ ಹೀಗಾಗಬಾರದು. ಮುಳ್ಳು ಮೂರನ್ನು ದಾಟಿತು.

ಕೈ ತಾನಾಗಿಯೇ ಮೇಲೆದ್ದಿತು.

ಕಮಾನು ಅರ್ಧದಲ್ಲಿ ನಿಂತಿತು. ಹಾಡು ಮುಗಿಯಿತೆಂದುಕೊಂಡ ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಪಿಟೀಲಿನ ಪೆಟ್ಟಿಗೆ ಹಿಡಿದು ಅವಳು ಹತ್ತಿರ ಬಂದಳು.

"ಕಲ್ಲಿಗೇನೂ ಆಗ್ಲಿಲ್ಲ ತಾನೇ?"

"ಇಲ್ಲ. ಮುಳ್ಳು ಮೂರು ದಾಟ್ತು, ಅದಕ್ಕೆ..."

"ಗೊತ್ತಾಯ್ತು ಬಿಡು." ಅವನ ಕಾಲರ್ ಸರಿಮಾಡಿದಳು. "ಹೊತ್ತಿಗೆ ಸರಿಯಾಗಿ ಊಟ ಮಾಡು."

ಬಾಗಿಲಿನವರೆಗೂ ಅವಳು ತಿರುಗಿ ನೋಡಲಿಲ್ಲ. ಎದ್ದು ಹೋಗಿ ತಡೆಯಬೇಕೆಂದರೆ ಅವನಿಗೆ ಏಳಲು ಆಗಲಿಲ್ಲ.

ಕೋಣೆ ಖಾಲಿಯಾಯಿತು. ಯಂತ್ರ ಆರಿಸಲು ಬಗ್ಗಿದ. ಮುಳ್ಳು ನಾಲ್ಕರ ಹತ್ತಿರ ಕುಣಿಯುತ್ತಿತ್ತು. ಸಂಗೀತವಿಲ್ಲ, ಜನರಿಲ್ಲ, ಬೀದಿಯಲ್ಲಿ ಗಾಡಿಯೂ ಇಲ್ಲ.

ಆಗ ಕಂಡಿತು. ಪೀಠಕ್ಕೆ ಒತ್ತಿದ ಅವನ ಮೊಣಕಾಲು ಗಡಗಡ ನಡುಗುತ್ತಿತ್ತು. ಹಾಡು ಶುರುವಾದಾಗಿನಿಂದಲೂ ನಡುಗುತ್ತಿದ್ದಿರಬೇಕು. ಓಡಿಹೋಗಿ ಅವಳನ್ನು ಎಳೆತಂದು ಇದನ್ನು ತೋರಿಸಬೇಕು, ಇದೊಂದನ್ನು ತೋರಿಸಬೇಕು ಎಂದು ಜೀವ ಹಾತೊರೆಯಿತು.

ಎರಡೂ ಕೈಗಳಿಂದ ಮೊಣಕಾಲನ್ನು ಅದುಮಿ ಹಿಡಿದ. ಮುಳ್ಳು ಇಳಿಯಿತು, ಇನ್ನೂ ಇಳಿಯಿತು, ಸೊನ್ನೆಗೆ ಬಂದು ನಿಂತಿತು.

ಅವನು ಕೈ ತೆಗೆಯಲಿಲ್ಲ.